ಅಪ್‌ಡೇಟ್: ಹಂಚಿನ ಮಾಡು ಸೋರುವುದು ನಿಂತಿತು

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಹಂಚಿನ ಮನೆಯ ಅಡುಗೆಮನೆ ಮೂಲೆ ಸೋರುತ್ತಿದೆ, ಪೂರ್ತಿ ಹೊಸ ಹಂಚು ಹಾಕಿಸಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ!

ನೀವು ಹೇಳಿದ ಹಾಗೆ, ನೀರು ಬೀಳುವ ಜಾಗ ಬಿಟ್ಟು ಅದರ ಮೇಲ್ಗಡೆ ಹುಡುಕಿಸಿದೆ. ಎರಡು ಮಾರು ಮೇಲೆ ಸಿಕ್ಕಿತು. ರೀಪು (ಹಂಚು ಕೂರುವ ಅಡ್ಡಪಟ್ಟಿ) ಗೆದ್ದಲು ಹಿಡಿದು ಕುಸಿದಿತ್ತು. ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಅಲ್ಲಿ ಮೂರು ಹಂಚು ಕೆಳಗೆ ಜಾರಿದ್ದವು. ಆ ಸಂದಿನಲ್ಲಿ ಇಳಿದ ನೀರು ಪಕಾಸಿನ (ರೀಪಿನ ಕೆಳಗಿನ ಇಳಿಜಾರು ಮರದ) ಗುಂಟ ಹರಿದು ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು.

ರೀಪು ಬದಲಾಯಿಸಿ, ಹಂಚಿನ ಮೇಲೆ ನೀರು ಹರಿಯುವ ಗಾಡಿಯಲ್ಲಿ (ತೋಡಿನಲ್ಲಿ) ಕೂತಿದ್ದ ಹಾವಸೆ, ತರಗೆಲೆ ತೆಗೆಸಿದೆವು. ಒಡೆದಿದ್ದು ಒಂದೇ ಹಂಚು. ಹಳೇ ಅಚ್ಚಿಗೆ ಹೊಸದು ಸರಿಯಾಗಿ ಕೂರುವುದಿಲ್ಲ ಅಲ್ವಾ, ಕೊಟ್ಟಿಗೆ ಮಾಡಿನಿಂದಲೇ ತಂದು ಹಾಕಿದೆವು.

ನಿನ್ನೆ ರಾತ್ರಿಯಿಡೀ ಮಳೆ. ಅಮ್ಮ ಇಟ್ಟಿದ್ದ ಪಾತ್ರೆ ಬೆಳಿಗ್ಗೆ ಒಣಗೇ ಇತ್ತು. ತುಂಬಾ ಥ್ಯಾಂಕ್ಸ್.