ತುಮಕೂರು ಸಿ.ಎಸ್. 1994 ಗುಂಪು: ಏಡಾ ಜಗಳ

ಲೋಕೇಶ: (ಫಾರ್ವರ್ಡ್ ಆಗಿ ಬಂದಿದ್ದು) ಅಮೆರಿಕದ ರಕ್ಷಣಾ ಇಲಾಖೆ ದುಡ್ಡು ಸುರಿದು ಮಾಡಿಸಿದ ಏಡಾ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ ಇವತ್ತು ಮೂಲೆಗುಂಪು! ಸರ್ಕಾರ ಕೈ ಹಾಕಿದ್ದು ಯಾವುದು ಉದ್ಧಾರ ಆಗಿದೆ? ಎಲ್ಲರಿಗೂ ಕಳಿಸಿ 🙏

ಲೋಕೇಶ: ನೂರಕ್ಕೆ ನೂರು ನಿಜ. ನಮ್ ಪುಸ್ತಕದಲ್ಲೂ ಒಂದು ಅಧ್ಯಾಯ ಇತ್ತಲ್ಲ, ಪರೀಕ್ಷೆಗೆ ಬಿಟ್ರೆ ಯಾರಿಗ್ ಬೇಕಾಯ್ತು?

ಗೀತಾ: ಅಧ್ಯಾಯ ಇತ್ತು, ಲ್ಯಾಬಲ್ಲಿ ಕಂಪೈಲರ್, ಅಂದ್ರೆ ಬರೆದ ಕೋಡನ್ನ ಯಂತ್ರಕ್ಕೆ ಅರ್ಥ ಆಗೋ ಹಾಗೆ ಬದಲಾಯಿಸೋ ತಂತ್ರಾಂಶ, ಎಲ್ಲಿತ್ತು ಲೋಕಿ? ಪಾಸ್ಕಲ್, ಸಿ ಹಾಕ್ಕೊಟ್ರು, ಅದನ್ನೇ ಕಲಿತ್ವಿ. ಕೆಟ್ಟದು ಅಂತ ಬಿಟ್ಟಿದ್ದಲ್ಲ, ಕೈಗೇ ಸಿಗಲಿಲ್ಲ.

ತಿಪಟೂರು ಶಿವು: ಬೆಳಗ್ಗೆ ಬೆಳಗ್ಗೆ ಇದೇನ್ರಪ್ಪಾ. ಇವತ್ತಿನ ಕೊಬ್ಬರಿ ರೇಟ್ ಹಾಕ್ರೋ ಯಾರಾದ್ರೂ.

ಲೋಕೇಶ: ಕೊಬ್ಬರಿನೂ ಅದೇ ಕಥೆ ಶಿವು. ಬೆಂಬಲ ಬೆಲೆ ಇರೋವರೆಗೂ ಜೋರು, ಖರೀದಿ ಕೇಂದ್ರ ಮುಚ್ಚಿದ ಮಾರನೇ ದಿನ ಮಾರುಕಟ್ಟೆ ಮುಖ ನೋಡ್ಬೇಕು.

ಶಿವು: ನೀನು ತೋಟ ಮಾಡಿ ನೋಡು, ಆಮೇಲೆ ಮಾತಾಡು. ಕೇಂದ್ರ ಇರದಿದ್ರೆ ವ್ಯಾಪಾರಿ ಹೇಳಿದ್ದೇ ಬೆಲೆ.

ಗೀತಾ: ಅಲ್ಲೇ ವ್ಯತ್ಯಾಸ ಇರೋದು. ಕೊಬ್ಬರಿನ ಸರ್ಕಾರವೇ ಕೊಂಡ್ಕೊಳ್ಳುತ್ತೆ. ಏಡಾಗೆ ಬರೀ ಆದೇಶ: ಇನ್ಮೇಲೆ ಇದರಲ್ಲೇ ಬರೀಬೇಕು, 1987. 1990ರಲ್ಲಿ ಅಮೆರಿಕದ ಸಂಸತ್ತೂ ಕಾನೂನು ಮಾಡ್ತು, ಆದ್ರೆ ‘ವೆಚ್ಚಕ್ಕೆ ತಕ್ಕ ಲಾಭ ಇದ್ದರೆ’ ಅಂತ ಬಾಲ ಸೇರಿಸ್ತು. ಬೇಡ ಅನ್ನೋರಿಗೆ ವಿನಾಯಿತಿ ಅರ್ಜಿ ಇದ್ದೇ ಇತ್ತು. ಅಂಥ ಕಡ್ಡಾಯ ಕಡ್ಡಾಯನಾ?

ಗುಬ್ಬಿ ಮಂಜು: ಶುರು ಮಾಡಿದ್ದಾದ್ರೂ ಯಾಕೆ?

ನಾಗರಾಜ್ ಸರ್: ಎಲ್ಲರಿಗೂ ನಮಸ್ಕಾರ. ಮಂಜುನಾಥ, ಆಗ ಅವರ ಸೇನೆಯಲ್ಲಿ ಒಂದೊಂದು ಯೋಜನೆಗೆ ಒಂದೊಂದು ಭಾಷೆ, ಎಲ್ಲ ಸೇರಿ 450ಕ್ಕೂ ಹೆಚ್ಚು ಅಂತ ಲೆಕ್ಕ. ಬರೆದವನು ಬಿಟ್ಟುಹೋದರೆ ಮುಂದಿನವನಿಗೆ ಏನೂ ತಿಳಿಯದು. ಅದಕ್ಕೆ 1975ರಲ್ಲಿ ಸಮಿತಿ ಮಾಡಿ, ಭಾಷೆ ಹೇಗಿರಬೇಕು ಅಂತ ಮೊದಲು ಕಾಗದದ ಮೇಲೆ ಬರೆದರು. ಕರಡುಗಳ ಹೆಸರು ಸ್ಟ್ರಾಮ್ಯಾನ್‌ನಿಂದ ಸ್ಟೀಲ್‌ಮ್ಯಾನ್‌ವರೆಗೆ. ಸ್ಪರ್ಧೆಯಲ್ಲಿ ಫ್ರಾನ್ಸಿನ ಇಷ್ಬಿಯಾ ಅವರ ತಂಡ ಗೆದ್ದಿತು. ಭಾಷೆ ಬಳಕೆಗೆ ಬರುವ ಮೊದಲೇ, 1980ರಲ್ಲಿ, ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದು ವಿಪರೀತ ಜಟಿಲ, ಈಗಿರುವ ಸ್ಥಿತಿಯಲ್ಲಿ ನೆಚ್ಚಬೇಡಿ ಅಂತ ಎಚ್ಚರಿಸಿದ್ದರು.

ಲೋಕೇಶ: ನೋಡಿದ್ರಾ! ಸರ್ ನನ್ ಪಕ್ಷ.

ನಾಗರಾಜ್ ಸರ್: ನಾನು ಯಾರ ಪಕ್ಷವೂ ಅಲ್ಲಪ್ಪ.

ಲೋಕೇಶ: ಯುರೋಪಿನ ಏರಿಯಾನ್ 5 ರಾಕೆಟ್ ಸಿಡಿದಿದ್ದು ಇದೇ ಭಾಷೆಯಿಂದ ತಾನೇ ಸರ್? 1996 ಜೂನ್.

ಗೀತಾ: ಲೋಕಿ, ಈ ಫಾರ್ವರ್ಡ್‌ಗಳ ಸಹವಾಸ ಬಿಡು. ನಾನು ಓದಿದ್ದು ತನಿಖಾ ವರದಿ. ಏರಿಯಾನ್ 4ಕ್ಕೆ ಬರೆದ ಕೋಡನ್ನ ಹಾಗೇ ಎತ್ತಿ ಹೊಸ ರಾಕೆಟ್ಟಿಗೆ ಹಾಕಿದ್ರು. ಹೊಸದರ ವೇಗ ಹೆಚ್ಚು. 64 ಬಿಟ್‌ನ ದಶಮಾಂಶ ಸಂಖ್ಯೆ 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡೀಲಿಲ್ಲ. ಏಡಾ ‘ಹಿಡೀತಿಲ್ಲ’ ಅಂತ ಕೂಗಿತು, ಆ ಕೂಗಿಗೆ ಉತ್ತರ ಬರೆದಿರಲಿಲ್ಲ. ಪ್ರೊಸೆಸರ್ ಮೇಲೆ ಹೊರೆ ಕಮ್ಮಿ ಮಾಡೋಕೆ ಬೇಕಂತಲೇ ಕೆಲವಕ್ಕೆ ರಕ್ಷಣೆ ಬಿಟ್ಟಿದ್ರು. ಬದಲಿ ಕಂಪ್ಯೂಟರಲ್ಲೂ ಅದೇ ಕೋಡು, ಅದೂ ಮಲಗ್ತು. ಇನ್ನೂ ಹೊಟ್ಟೆ ಉರಿಯೋದು ಅಂದ್ರೆ, ಆ ಲೆಕ್ಕ ಮೇಲೆದ್ದ ಮೇಲೆ ಏರಿಯಾನ್ 5ಕ್ಕೆ ಬೇಕಾಗೇ ಇರಲಿಲ್ಲ. ಇದರಲ್ಲಿ ಭಾಷೆದೇನು ತಪ್ಪು?

ಮಂಜು: 😳

ಲೋಕೇಶ: ಸರಿ, ಅದು ಬಿಡು. ಅಷ್ಟು ಒಳ್ಳೇದಾದ್ರೆ ಯಾಕೆ ಬಿಟ್ರು?

ಗೀತಾ: ದುಡ್ಡು. ಸರ್ಕಾರಿ ಗಿರಾಕಿ ಅಂತ ಗೊತ್ತಾದ್ಮೇಲೆ ಕಂಪೈಲರ್ ಮಾರೋರು ಸರ್ಕಾರಿ ರೇಟೇ ಹಾಕಿದ್ರು. ಮೊದಮೊದಲಿನವು ನಿಧಾನ ಬೇರೆ. ಕಾಲೇಜಿಗೆ, ಹುಡುಗರಿಗೆ ಪುಕ್ಕಟೆ ಕೊಡಬೇಕು ಅಂತ ಹೊಳೆಯೋ ಹೊತ್ತಿಗೆ 90ರ ದಶಕ ಬಂದಿತ್ತು. ಅವರ ವಾಯುಪಡೆ ದುಡ್ಡಲ್ಲೇ ನ್ಯೂಯಾರ್ಕ್ ವಿಶ್ವವಿದ್ಯಾಲಯ ಗ್ನ್ಯಾಟ್ ಮಾಡ್ತು, ಒಳ್ಳೇ ಕಂಪೈಲರ್. ಅಷ್ಟರಲ್ಲಿ ಕಾಲೇಜೆಲ್ಲ ಸಿ ಪ್ಲಸ್ ಪ್ಲಸ್ ಪಾಲಾಗಿತ್ತು. 1997ರಲ್ಲಿ ಕಡ್ಡಾಯನೂ ತೆಗೆದುಬಿಟ್ರು. ಹತ್ತು ವರ್ಷ ಮೊದಲೇ ಪುಕ್ಕಟೆ ಕೊಟ್ಟಿದ್ರೆ ಆದೇಶವೇ ಬೇಕಿರಲಿಲ್ಲ.

ಲೋಕೇಶ: ಅಂದ್ರೆ ಸರ್ಕಾರದ್ದೇ ತಪ್ಪು. ನಾನ್ ಹೇಳಿದ್ದೂ ಅದೇ!

ಗೀತಾ: ನೀನು ಹೇಳಿದ್ದು ಸರ್ಕಾರ ಕೈ ಹಾಕಬಾರದಿತ್ತು ಅಂತ. ನಾನು ಹೇಳ್ತಿರೋದು ಅರ್ಧಕ್ಕೇ ಕೈ ತೆಗೀತು ಅಂತ. ಮೂಲೆಗುಂಪು ಅಂತೀಯಲ್ಲ, ಬೋಯಿಂಗ್ 777ರ ತಂತ್ರಾಂಶ ಬಹುಪಾಲು ಏಡಾ. ನಮ್ ತೇಜಸ್ ಹಾರಾಟ ನಿಯಂತ್ರಣವೂ ಅದೇ. ಊರೆಲ್ಲ ಬಳಸಲ್ಲ, ಒಪ್ತೀನಿ. ಬಿದ್ರೆ ಜೀವ ಹೋಗುತ್ತೆ ಅನ್ನೋ ಕಡೆ ಇನ್ನೂ ಇದೆ.

ಶಿವು: ನಮ್ ಮಂಜನ ಊರಲ್ಲೇ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, ಕೇಳ್ರಪ್ಪಾ ಅವನ್ನ.

ಮಂಜು: ಬಿದರೆಹಳ್ಳ ಕಾವಲ್ ಕಡೆ ಹೋದ್ರೆ ಬೇಲಿ ಕಾಣುತ್ತೆ, ಒಳಗೆ ಯಾವ ಭಾಷೆ ಅಂತ ನನಗೇನ್ ಗೊತ್ತು. ಗೀತಾ, ಮಗ ಮೂರನೇ ವರ್ಷ. ವಿಮಾನದ ಕಡೆ ಹೋಗ್ಬೇಕು ಅಂತಾನೆ. ಇದನ್ನ ಕಲಿಸ್ಲಾ?

ಗೀತಾ: ಮೊದಲು ಸಿ ಗಟ್ಟಿ ಮಾಡ್ಕೊಳ್ಳಲಿ, ಕೆಲಸಕ್ಕೆ ಕರೆಯೋರು ಕೇಳೋದು ಅದನ್ನೇ. ಜೊತೆಗೆ ಗ್ನ್ಯಾಟ್ ಇಳಿಸ್ಕೊಂಡು ಏಡಾ, ಆಮೇಲೆ ಏಡಾದ್ದೇ ಕಟ್ಟುನಿಟ್ಟಿನ ರೂಪ ಸ್ಪಾರ್ಕ್ ನೋಡ್ಲಿ. ಕೋಡ್ ಓಡಿಸೋ ಮೊದಲೇ ಇಂಥ ತಪ್ಪು ಬರಲ್ಲ ಅಂತ ಸಾಧಿಸಿ ತೋರ್ಸೋಕೆ ಬರುತ್ತೆ ಅದರಲ್ಲಿ.

ಲೋಕೇಶ: ಮೊದಲು ಸಿ ಅಂತ ನೀನೇ ಹೇಳಿದೆ. ಸ್ಕ್ರೀನ್‌ಶಾಟ್ ತಗೊಂಡಿದೀನಿ 😂

ಗೀತಾ: ತಗೋ, ಸಾಲು ಪೂರ್ತಿ ಬರೋ ಹಾಗೆ ತಗೋ.