ರಿಟ್ರಾಕ್ಷನ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ ಹೋಗಬೇಕು)

ಗೋಣಿಕೊಪ್ಪದಿಂದ:

ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ.

ಇಲ್ಲಿ ಕೆಲವರು ಸೇರಿ ಕಾಫಿ ಬೆಳೆಗಾರರಿಗೆ ಒಂದು ಸಣ್ಣ ಪತ್ರಿಕೆ ತರುತ್ತೇವೆ. ಕಾಂಡಕೊರಕ, ಕಾಯಿಕೊರಕ, ನೆರಳಿನ ಮರ, ಇಂಥದ್ದರ ಬಗ್ಗೆ ಸಂಶೋಧನಾ ಪತ್ರಿಕೆಗಳಲ್ಲಿ ಬಂದದ್ದನ್ನು ಕನ್ನಡದಲ್ಲಿ ಚಿಕ್ಕದಾಗಿ ಬರೆದು ಹಾಕುತ್ತೇವೆ. ಹೋದ ವರ್ಷ ಹೀಗೆ ಹಾಕಿದ್ದ ಒಂದು ಲೇಖನವನ್ನು ಮೂಲ ಪತ್ರಿಕೆಯವರೇ ಆಮೇಲೆ ರಿಟ್ರಾಕ್ಟ್ ಮಾಡಿದರು, ಅಂದರೆ ಅಚ್ಚಾದ ಈ ಲೇಖನವನ್ನು ಇನ್ನು ನಂಬಬೇಡಿ ಎಂದು ಸಾರಿದರು. ನಮಗೆ ಗೊತ್ತಾಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಅದಕ್ಕೇ ಈ ಸಲ ನಮ್ಮ ನಿಯಮಗಳನ್ನು ಒಂದು ಪುಟದಲ್ಲಿ ಹಾಕುತ್ತಿದ್ದೇವೆ.

ಆಧಾರ ಇಟ್ಟುಕೊಂಡಿರುವುದು ಸಂಶೋಧನಾ ಪ್ರಕಟಣೆಯ ನೀತಿ ನೋಡಿಕೊಳ್ಳುವ ಕೋಪ್ (COPE) ಸಂಸ್ಥೆಯ ಮಾರ್ಗಸೂಚಿ. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಶುರು ಮಾಡಿದ ಸಂಸ್ಥೆ. ಹೆಸರು ಕೋಪ್, ಆದರೆ ಕೋಪಕ್ಕೆ ಜಾಗ ಇಲ್ಲ. ರಿಟ್ರಾಕ್ಷನ್ ಇರುವುದು ಬರೆದವರನ್ನು ಶಿಕ್ಷಿಸುವುದಕ್ಕಲ್ಲ, ಓದುವವರು ತಪ್ಪನ್ನು ನಂಬದಿರಲಿ ಅಂತ. ಮೋಸ ಮಾಡಿದ್ದರೂ ಅದೇ ಪದ, ಪ್ರಾಮಾಣಿಕವಾಗಿ ಲೆಕ್ಕ ತಪ್ಪಿದ್ದರೂ ಅದೇ ಪದ. ಲೇಖನವನ್ನು ಸಾಮಾನ್ಯವಾಗಿ ಅಳಿಸುವಂತೆಯೂ ಇಲ್ಲ. ಅದು ಅಲ್ಲೇ ಇರುತ್ತದೆ. ಯಾರು, ಯಾಕೆ ಹೀಗೆ ಮಾಡಿದರು ಎಂಬ ಸೂಚನೆ ಅದಕ್ಕೆ ಅಂಟಿಕೊಂಡಿರಬೇಕು.

ನನಗೆ ಹೊಳೆದದ್ದು: ಹಿಂತೆಗೆತ, ಹಿಂಪಡೆತ, ವಾಪಸಾತಿ. ಯಾವುದೂ ಹಿಡಿಸುತ್ತಿಲ್ಲ. ಪೀರ್ ರಿವ್ಯೂಗೆ, ಅಂದರೆ ಅಚ್ಚಿಗೆ ಮುಂಚೆ ಅದೇ ವಿಷಯ ಬಲ್ಲ ಬೇರೆಯವರು ಲೇಖನವನ್ನು ಪರೀಕ್ಷಿಸುವುದಕ್ಕೆ, ‘ಓರಗೆಯವರ ಪರಿಶೀಲನೆ’ ಅಂತ ಹಾಕಿದ್ದೇನೆ. ಸರಿ ಅಲ್ವಾ?

ಮೈಸೂರಿನಿಂದ:

ಹಿಂತೆಗೆತ ಸಂಧಿ ಗೊತ್ತಿಲ್ಲದವರು ಕಟ್ಟಿದ ಪದ. ಕಂಬನಿ, ಬೆಂಬತ್ತು ಪದಗಳಲ್ಲಿ ಪಕಾರಕ್ಕೆ ಬಕಾರ ಬಂದ ಹಾಗೆ ಇಲ್ಲೂ ತಕಾರಕ್ಕೆ ದಕಾರ ಆದೇಶವಾಗಿ ಬರಬೇಕು. ಬಂದರೆ ‘ಹಿಂದೆಗೆ’ ಆಗುತ್ತದೆ. ಅದು ಹಳೆಯ, ಒಳ್ಳೆಯ ಪದ. ಆದರೆ ಅರ್ಥ ಹಿಂಜರಿ ಅಂತ. ಪತ್ರಿಕೆ ಹಿಂಜರಿಯಿತು ಎಂದು ಬರೆಯುತ್ತೀರಾ? ಹಿಂಪಡೆ ಅಂದರೆ ನನಗೆ ಹಿಂದೆ ನಿಂತ ಸೈನ್ಯ ಕಾಣುತ್ತದೆ. ವಾಪಸಾತಿಯ ಮಾತೇ ಬೇಡ.

‘ಅಲ್ಲಗಳೆ’ ಇದೆಯಲ್ಲ. ಅಲ್ಲ ಮತ್ತು ಕಳೆ, ಅಚ್ಚಗನ್ನಡ, ಸಂಧಿಯೂ ನೆಟ್ಟಗಿದೆ. ಅಲ್ಲಗಳೆತ ಅಂತ ಹಾಕಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಮಂಗಳೂರಿನಿಂದ:

ಇದೆ ಮೇಷ್ಟ್ರೇ. ‘ಆರೋಪ ಅಲ್ಲಗಳೆದ ಸಚಿವ’ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಅಲ್ಲಗಳೆಯುವುದು ಅಂದರೆ ನಾನು ಮಾಡಿಲ್ಲ ಅನ್ನುವುದು. ಇಲ್ಲಿ ಪತ್ರಿಕೆ ಹೇಳುತ್ತಿರುವುದು ‘ಹೌದು, ನಾವೇ ಹಾಕಿದ್ದೆವು, ನಂಬಬೇಡಿ’ ಅಂತ. ಪೂರ್ತಿ ಉಲ್ಟಾ.

ನಾನು ವೈದ್ಯಕೀಯ ಅನುವಾದ ಮಾಡುವವಳು. ಹಿಂಪಡೆಯ ತೊಂದರೆ ಸೈನ್ಯದ್ದಲ್ಲ, ಯಾರು ಹಿಂಪಡೆಯುತ್ತಾರೆ ಅನ್ನುವುದು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಲೇಖನ ನೆನಪಿರಬಹುದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 1998ರಲ್ಲಿ ಬಂತು. ನೋಡಿದ್ದು ಬರೀ 12 ಮಕ್ಕಳನ್ನು. ಬರೆದವರು 13 ಮಂದಿ. 2004ರಲ್ಲಿ ಅವರಲ್ಲಿ 10 ಮಂದಿ, ಲಸಿಕೆಯ ಕಡೆಗೆ ಬೆರಳು ತೋರಿಸಿದ ಆ ವ್ಯಾಖ್ಯಾನದಿಂದ ಮಾತ್ರ ಹಿಂದೆ ಸರಿದರು. ವೇಕ್‌ಫೀಲ್ಡ್ ಸರಿಯಲಿಲ್ಲ. 2010ರಲ್ಲಿ ಪತ್ರಿಕೆಯೇ ಇಡೀ ಲೇಖನವನ್ನು ರಿಟ್ರಾಕ್ಟ್ ಮಾಡಿತು. 2004ರದ್ದಕ್ಕೆ ‘ಹಿಂಪಡೆದರು’ ಒಪ್ಪುತ್ತದೆ, ತಮ್ಮ ಮಾತನ್ನು ತಾವೇ ತೆಗೆದುಕೊಂಡರು. 2010ರದ್ದು ಹಾಗಲ್ಲ. ಬರೆದವನು ಒಪ್ಪದಿದ್ದರೂ ಸಂಪಾದಕರು ಮಾಡಬಹುದು. ಹಿಂಪಡೆ ಅಂದರೆ ಆ ಅಧಿಕಾರವೇ ಕಾಣುವುದಿಲ್ಲ. ಜೊತೆಗೆ, ಅಚ್ಚಾಗುವ ಮುಂಚೆ ಲೇಖಕರು ವಾಪಸ್ ತೆಗೆದುಕೊಳ್ಳುವುದೂ ಇದೆ. ಹಿಂಪಡೆಯನ್ನು ಅದಕ್ಕೆ ಉಳಿಸಿಕೊಳ್ಳಿ.

ಓರಗೆಯವರು ಚೆನ್ನಾಗಿದೆ. ಓರಗಿತ್ತಿಯರು ಅಂತ ಓದಿಕೊಂಡರೂ ತಪ್ಪಿಲ್ಲ. ಅದಕ್ಕಿಂತ ಕಟ್ಟುನಿಟ್ಟಿನ ಪರಿಶೀಲನೆ ಎಲ್ಲಿದೆ?

ಮಡಿಕೇರಿಯಿಂದ:

ನಾನು ಕಂದಾಯ ಇಲಾಖೆಯಲ್ಲಿ ಇದ್ದು ರಿಟೈರ್ ಆದವನು. ವ್ಯಾಕರಣ ನನ್ನದಲ್ಲ. ಆದರೆ ನೀವು ಹೇಳುತ್ತಿರುವ ಕೆಲಸ ನಮ್ಮ ಕಡತಗಳಲ್ಲಿ ಯಾವತ್ತೂ ನಡೆಯುವುದೇ. ತಪ್ಪಾದ ನಮೂದನ್ನು ಕೆರೆದು ಅಳಿಸುವ ಹಾಗಿಲ್ಲ. ಅಳಿಸಿದರೆ ಅದೇ ಇನ್ನೊಂದು ಅಪರಾಧ. ಅಡ್ಡಗೆರೆ ಎಳೆಯುತ್ತೇವೆ. ಕೆಳಗಿನ ಅಕ್ಷರ ಕಾಣುತ್ತಿರಬೇಕು. ಪಕ್ಕದಲ್ಲಿ ‘ರದ್ದು’ ಅಂತ ಬರೆದು, ಯಾಕೆ ಅಂತ ಷರಾ ಹಾಕಿ, ಸಹಿ, ತಾರೀಕು. ಜಮೀನಿನ ಕಾಗದ ನೋಡಿದ ಯಾವ ಬೆಳೆಗಾರನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೇಖನ ರದ್ದಾಗಿದೆ. ಜೊತೆಗಿನ ಸೂಚನೆ ರದ್ದತಿ ಷರಾ. ಮುಗಿಯಿತು.

ಮೈಸೂರಿನಿಂದ:

ಎರಡೂ ಅರಬ್ಬಿ ಮೂಲದವು. ಕನ್ನಡದ ಪತ್ರಿಕೆಗೆ ಕಚೇರಿಯ ಮೊಗಲಾಯಿ ಭಾಷೆ ಯಾಕೆ? ಹೀಗೇ ಬಿಟ್ಟರೆ ನಾಳೆ ಕ್ರಿಯಾಪದವೂ ಹೊರಗಿನಿಂದಲೇ ಬರುತ್ತದೆ.

ಧಾರವಾಡದಿಂದ:

ಇನಾಂ ರದ್ದತಿ ಆಗಿ ಎಷ್ಟು ವರ್ಷ ಆಯ್ತ್ರೀ? ಆಗಿಂದ ಆ ಪದ ನಮ್ಮದು. ನಿಮ್ಮ ಅಲ್ಲಗಳೆತ ಯಾರ ಬಾಯಾಗ ಬರ್ತದ, ಒಬ್ಬರನ್ನ ತೋರಸ್ರಿ. ಅವರು ಕಾಫಿ ಬೆಳೆಯೋರು. ಅದರ ಹೆಸರನ್ನೂ ಬದಲು ಮಾಡಸ್ತೀರೇನು?

ಗೋಣಿಕೊಪ್ಪದಿಂದ:

ದಯವಿಟ್ಟು ಜಗಳ ಬೇಡಿ. ಇಲ್ಲಿ ಬೆಳಗಿನಿಂದ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಬ್ಯಾಟರಿ ಇರುವಷ್ಟರಲ್ಲಿ ಪುಟ ಕಳಿಸಬೇಕು.

ರದ್ದು, ರದ್ದತಿ ಷರಾ ಎರಡನ್ನೂ ತೆಗೆದುಕೊಂಡೆ. ಅಚ್ಚಾಗುವ ಮುಂಚಿನದಕ್ಕೆ ಹಿಂಪಡೆ. ಸಣ್ಣ ತಪ್ಪು ಸರಿ ಮಾಡುವುದಕ್ಕೆ ತಿದ್ದುಪಡಿ, ಅದರಲ್ಲಿ ತಕರಾರು ಇರಲಾರದು. ಒಂದು ಉಳಿಯಿತು. ವಿಚಾರಣೆ ಮುಗಿಯುವ ಮುಂಚೆ ‘ಈ ಲೇಖನದ ಬಗ್ಗೆ ನಮಗೆ ಅನುಮಾನ ಇದೆ’ ಎಂದು ಸಂಪಾದಕರು ಹಾಕುವ ಸೂಚನೆ, ಎಕ್ಸ್‌ಪ್ರೆಷನ್ ಆಫ್ ಕನ್ಸರ್ನ್. ಒಬ್ಬರು ‘ಕಾಳಜಿಯ ಅಭಿವ್ಯಕ್ತಿ’ ಅಂತ ಮಾಡಿಕೊಟ್ಟಿದ್ದಾರೆ. ಓದಿದರೆ ಯಾರದೋ ಆರೋಗ್ಯ ವಿಚಾರಿಸಿದ ಹಾಗಿದೆ.

ಮಂಗಳೂರಿನಿಂದ:

‘ಶಂಕೆಯ ಸೂಚನೆ’ ಹಾಕಿ. ಕಾಳಜಿ ಬೇಡವೇ ಬೇಡ.

ಮಡಿಕೇರಿಯಿಂದ:

ಶಂಕೆ ಸರಿ. ನಾವಾದರೆ ‘ತಕರಾರಿನಲ್ಲಿದೆ’ ಅಂತ ಬರೆಯುತ್ತಿದ್ದೆವು. ಆದರೆ ಮೇಷ್ಟ್ರು ಬೈತಾರೆ.

ಮೈಸೂರಿನಿಂದ:

ಬೈಯುವುದಿಲ್ಲ. ಬಹುಮತ ಬಂದ ಕಡೆ ವ್ಯಾಕರಣ ಹೋಗುವುದಿಲ್ಲ, ಅಷ್ಟೇ. ಷರಾ ಪದಕ್ಕೆ ನನ್ನ ವಿರೋಧ ದಾಖಲಾಗಲಿ.

ಮಡಿಕೇರಿಯಿಂದ:

ದಾಖಲೂ ಅರಬ್ಬಿಯೇ, ಸರ್.