‘ಅನ್ವಯಿಸುವುದಿಲ್ಲ’ ಎಂಬ ಮನೆಯಲ್ಲಿ ಮರೆಯಾಗುವವರನ್ನು ಹೇಗೆ ಎಣಿಸುವುದು?

ಎರಡನೆಯ ಕುರ್ಚಿ (ಪ್ರಶ್ನೆ ಕೇಳಿದವರು)

ಮಾನಸಿಕ ಕಾಯಿಲೆ ಇರುವವರು ಅನುಭವಿಸುವ ತಾರತಮ್ಯದ ಬಗ್ಗೆ ನಡೆಯುತ್ತಿರುವ ಒಂದು ಅಧ್ಯಯನದಲ್ಲಿ ನಾನು ಸಂದರ್ಶಕಿ. ನನಗೂ ಬೈಪೋಲಾರ್ ಕಾಯಿಲೆ ಇದೆ. ಹನ್ನೊಂದು ವರ್ಷಗಳಿಂದ ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅನುಭವ ಇರುವವರೇ ಪ್ರಶ್ನೆ ಕೇಳಲಿ ಎಂದು ತಂಡದವರು ನನ್ನನ್ನು ಸೇರಿಸಿಕೊಂಡರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಈ ಸಂಕಟದಲ್ಲಿ ಅರ್ಧ ಕೆಲಸದ್ದು, ಅರ್ಧ ನನ್ನದೇ.

ನಾವು ಬಳಸುತ್ತಿರುವುದು ಡಿಸ್ಕ್-12 ಮಾಪನ, ಅಂದರೆ ಇಂಥ ತಾರತಮ್ಯವನ್ನು ಅಳೆಯುವ ಪ್ರಶ್ನಾವಳಿ. ಒಟ್ಟು 32 ಪ್ರಶ್ನೆಗಳು. ಮೊದಲ 22 ಪ್ರಶ್ನೆಗಳು ಅನ್ಯಾಯವಾಗಿ ನಡೆಸಿಕೊಂಡದ್ದರ ಬಗ್ಗೆ: ಸ್ನೇಹ, ನೆರೆಹೊರೆ, ಕುಟುಂಬ, ವಸತಿ, ಕೆಲಸ ಹುಡುಕುವುದು, ಕೆಲಸ ಉಳಿಸಿಕೊಳ್ಳುವುದು, ದೈಹಿಕ ಕಾಯಿಲೆಗೆ ಚಿಕಿತ್ಸೆ, ಹೀಗೆ. ಉತ್ತರ ‘ಸ್ವಲ್ಪವೂ ಇಲ್ಲ’ದಿಂದ ‘ಬಹಳ’ದವರೆಗೆ, ಸೊನ್ನೆಯಿಂದ ಮೂರು ಅಂಕ. ಪಕ್ಕದಲ್ಲಿ ಗುರುತು ಹಾಕಲು ಇನ್ನೊಂದು ಮನೆ: ‘ಅನ್ವಯಿಸುವುದಿಲ್ಲ’.

ಕಳೆದ ವಾರ ಒಬ್ಬರನ್ನು ಭೇಟಿಯಾದೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಸ್ಕಿಜೋಫ್ರೇನಿಯಾ ಬಂದು ಹದಿನಾರು ವರ್ಷ. ಅದಕ್ಕೆ ಮುಂಚೆ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದವರು. ಕುಳಿತ ಕೂಡಲೇ ನಮ್ಮ ನಮೂನೆಯ ಕೋಷ್ಟಕದಲ್ಲಿ ಒಂದು ಗೆರೆ ಓರೆಯಾಗಿ ಮುದ್ರಣವಾಗಿರುವುದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ‘ಇಲ್ಲ’, ‘ಇಲ್ಲ’, ‘ಅದೂ ಇಲ್ಲ’. ಬೇರೆಯವರಿಗೆ ನಲವತ್ತು ನಿಮಿಷ ಹಿಡಿಯುವ ಸಂದರ್ಶನ ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ಇಪ್ಪತ್ತೆರಡು ಸೊನ್ನೆಗಳು. ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಅವರು ನೆಲ ನೋಡುತ್ತ ಹೇಳಿದರು: “ನಾನು ಯಾವ ಕೆಲಸಕ್ಕೂ ಅರ್ಜಿ ಹಾಕಿಲ್ಲ. ಹಾಗಾಗಿ ಯಾರೂ ನನ್ನನ್ನು ತಿರಸ್ಕರಿಸಿಲ್ಲ.”

ಆ ಸೊನ್ನೆಗಳು ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ. ನನ್ನ ಹಾಳೆಯ ಪ್ರಕಾರ ಆ ಮನುಷ್ಯನಿಗೆ ಸಮಾಜ ಎಳ್ಳಷ್ಟೂ ಅನ್ಯಾಯ ಮಾಡಿಲ್ಲ. ಅಂಥವರ ಉತ್ತರವನ್ನು ಈ ವೇದಿಕೆಯಲ್ಲಿರುವ ನೀವು ಹೇಗೆ ದಾಖಲಿಸುತ್ತೀರಿ? ಸೊನ್ನೆಯೇ? ‘ಅನ್ವಯಿಸುವುದಿಲ್ಲ’ವೇ? ಎರಡರಲ್ಲೂ ಅವರು ಮರೆಯಾಗುತ್ತಾರಲ್ಲ?

ಅಂಕಿಗಣಿತ

ಸೊನ್ನೆ ಖಂಡಿತ ತಪ್ಪು. ‘ಸ್ವಲ್ಪವೂ ಇಲ್ಲ’ ಎಂದರೆ ಆತ ಕೆಲಸ ಕೇಳಲು ಹೋಗಿದ್ದರು, ಅಲ್ಲಿ ಅವರನ್ನು ಸರಿಯಾಗಿ ನಡೆಸಿಕೊಂಡರು ಎಂದು ಅರ್ಥ. ‘ಅನ್ವಯಿಸುವುದಿಲ್ಲ’ ಎಂದರೆ ಆ ಸನ್ನಿವೇಶವೇ ಬರಲಿಲ್ಲ ಎಂದು. ಇವೆರಡನ್ನು ಕಲಸಿದರೆ ಲೆಕ್ಕವೇ ಸುಳ್ಳಾಗುತ್ತದೆ. ಸರಾಸರಿ ತೆಗೆಯುವಾಗ ಅನ್ವಯಿಸುವ ಪ್ರಶ್ನೆಗಳನ್ನು ಮಾತ್ರ ಛೇದದಲ್ಲಿ ಇಡುತ್ತೇವೆ. ಒಬ್ಬರಿಗೆ ಕುಟುಂಬದ ಪ್ರಶ್ನೆಗೆ ಮೂರು ಅಂಕ ಬಂದಿದೆ, ಉಳಿದ ಐದಕ್ಕೆ ಸೊನ್ನೆ, ಹದಿನಾರು ಅನ್ವಯಿಸುವುದಿಲ್ಲ ಎಂದುಕೊಳ್ಳಿ. ಸರಾಸರಿ 3ನ್ನು 6ರಿಂದ ಭಾಗಿಸಿದಾಗ 0.5. ಆ ಹದಿನಾರನ್ನೂ ಸೊನ್ನೆ ಎಂದು ಬರೆದರೆ 3ನ್ನು 22ರಿಂದ ಭಾಗಿಸಬೇಕು, ಸುಮಾರು 0.14. ಅದೇ ವ್ಯಕ್ತಿ, ಅದೇ ಬದುಕು. ತಾರತಮ್ಯ ಮಾತ್ರ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದುಬಿಟ್ಟಿತು.

ಆದರೆ ನೀವು ಹೇಳುವ ನಷ್ಟ ಮೊದಲ 22ರಲ್ಲಿ ಸಿಗುವುದೇ ಇಲ್ಲ. ಅದಕ್ಕೆಂದೇ ಮುಂದೆ ನಾಲ್ಕು ಪ್ರಶ್ನೆಗಳಿವೆ: ಕೆಲಸಕ್ಕೆ ಅರ್ಜಿ ಹಾಕದಂತೆ ನಿಮ್ಮನ್ನು ನೀವೇ ತಡೆದುಕೊಂಡಿದ್ದೀರಾ, ಓದಿಗೆ ಅಥವಾ ತರಬೇತಿಗೆ ಸೇರದಂತೆ, ಆಪ್ತ ಸಂಬಂಧ ಬೆಳೆಸದಂತೆ, ಮತ್ತು ಕಾಯಿಲೆಯನ್ನು ಮರೆಮಾಚಿದ್ದೀರಾ ಎಂಬವು. ಇವುಗಳಿಗೆ ಅವರು ಏನು ಹೇಳಿದರು? ನೀವು ಬರೆದಿಲ್ಲ.

ಈ ನಾಲ್ಕು ಎಷ್ಟು ಮುಖ್ಯ ಎಂಬುದನ್ನು 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿಕೊಟ್ಟಿದೆ. ಇದೇ ಮಾಪನದ ಹಿಂದಿನ ಆವೃತ್ತಿಯನ್ನು ಹಿಡಿದು 27 ದೇಶಗಳಲ್ಲಿ ಸ್ಕಿಜೋಫ್ರೇನಿಯಾ ಇರುವ 732 ಜನರನ್ನು ಗ್ರಹಾಂ ಥಾರ್ನಿಕ್ರಾಫ್ಟ್ ಮತ್ತು ಸಂಗಡಿಗರು ಮಾತನಾಡಿಸಿದರು. ಕೆಲಸ ಹುಡುಕುವಾಗ ತಾರತಮ್ಯ ಆಯಿತು ಎಂದವರು ಶೇ 29. ತಾರತಮ್ಯ ಆಗಬಹುದೆಂದು ಕೆಲಸ, ಓದು, ತರಬೇತಿಗೆ ಅರ್ಜಿ ಹಾಕುವುದರಿಂದಲೇ ಹಿಂದೆ ಸರಿದವರು ಶೇ 64. ಕಾಯಿಲೆಯನ್ನು ಮುಚ್ಚಿಡಬೇಕು ಅನ್ನಿಸಿದವರು ಶೇ 72. ನಾಲ್ಕು ವರ್ಷಗಳ ನಂತರ, 2013ರಲ್ಲಿ, ತೀವ್ರ ಖಿನ್ನತೆ ಇರುವ 1,082 ಜನರ ಅಧ್ಯಯನ ಬಂತು, 35 ದೇಶಗಳದ್ದು. ಕೆಲಸ ಹುಡುಕುವಲ್ಲಿ ಅಥವಾ ಉಳಿಸಿಕೊಳ್ಳುವಲ್ಲಿ ತಾರತಮ್ಯ ಆಗಬಹುದೆಂದು ಭಾವಿಸಿದ್ದ 316 ಜನರಲ್ಲಿ 147 ಜನರಿಗೆ ಅಂಥ ತಾರತಮ್ಯ ಆಗಿಯೇ ಇರಲಿಲ್ಲ. ನಿಮ್ಮ ನಕ್ಷೆಗಾರರು ಒಂಟಿಯಲ್ಲ.

ಒಂದು ಎಚ್ಚರಿಕೆ. ಈ ನಾಲ್ಕರ ಅಂಕವನ್ನು ಮೊದಲ 22ರ ಜೊತೆ ಕೂಡಿಸಬೇಡಿ. ಅದು ಬೇರೆ ಉಪಮಾಪನ (ಮಾಪನದೊಳಗಿನ ಪ್ರತ್ಯೇಕ ಭಾಗ), ಬೇರೆಯಾಗಿಯೇ ವರದಿಯಾಗಬೇಕು. ಜೊತೆಗೆ ಪ್ರತಿ ಪ್ರಶ್ನೆಗೆ ಎಷ್ಟು ಜನ ‘ಅನ್ವಯಿಸುವುದಿಲ್ಲ’ ಎಂದರು ಎಂಬುದನ್ನೂ ಪ್ರಕಟಿಸಿ.

ನಿಧಾನ ನಡಿಗೆ

ನಾನು ಮೇಜಿನ ಆಚೆ ಬದಿಯವನು. ಸ್ಕಿಜೋಫ್ರೇನಿಯಾ ಇದೆ, ಇಂಥ ಸಂದರ್ಶನಕ್ಕೆ ಉತ್ತರವನ್ನೂ ಕೊಟ್ಟಿದ್ದೇನೆ.

ಮೇಲಿನವರ ಲೆಕ್ಕ ಸರಿ. ಆದರೆ 316ರಲ್ಲಿ 147 ಎಂಬ ಸಂಖ್ಯೆಯನ್ನು ಓದಿದವರು ‘ಹಾಗಾದರೆ ಭಯ ಇವರ ತಲೆಯೊಳಗಿನದು’ ಎಂದುಕೊಳ್ಳುತ್ತಾರೆ ಎಂಬುದೇ ನನ್ನ ಆತಂಕ. ಸಂಶೋಧಕರು ಇದನ್ನು ‘ನಿರೀಕ್ಷಿತ ತಾರತಮ್ಯ’ ಎನ್ನುತ್ತಾರೆ. ನಿರೀಕ್ಷೆ ಎಂಬ ಮಾತು ನಮ್ಮಲ್ಲಿ ಹಬ್ಬಕ್ಕೂ ಬಳಕೆಯಾಗುತ್ತದೆ, ಹೆರಿಗೆಗೂ ಬಳಕೆಯಾಗುತ್ತದೆ. ನಾನು ಮಾಡುತ್ತಿದ್ದುದು ನಿರೀಕ್ಷೆಯಲ್ಲ, ಕಲಿತ ಪಾಠವನ್ನು ಪಾಲಿಸುವುದು. ಕಾಯಿಲೆ ಬರುವ ಮೊದಲು ನಾನೂ ಎಲ್ಲರಂತೆ ‘ಹುಚ್ಚ’ ಎಂಬ ಪದವನ್ನು ಬೈಗುಳವಾಗಿ ಆಡುತ್ತಿದ್ದೆ. ಅಂಥವರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ರೋಗದ ಹೆಸರು ನನ್ನ ಮೇಲೆ ಬಿದ್ದ ದಿನ ಆ ತಿಳಿವಳಿಕೆಯೆಲ್ಲ ತಿರುಗಿ ನನ್ನ ಕಡೆಗೇ ಮುಖ ಮಾಡಿತು. ಸಮಾಜಶಾಸ್ತ್ರಜ್ಞ ಬ್ರೂಸ್ ಲಿಂಕ್ 1980ರ ದಶಕದಲ್ಲಿ ಇದನ್ನೇ ವಿವರಿಸಿದ್ದಾರೆ: ರೋಗಿಯಾಗುವ ಮೊದಲೇ ಮನುಷ್ಯ ಸಮಾಜದ ಅಭಿಪ್ರಾಯವನ್ನು ಒಳಗೆ ತೆಗೆದುಕೊಂಡಿರುತ್ತಾನೆ, ಹಣೆಪಟ್ಟಿ ಬಿದ್ದಾಗ ಅದು ಸ್ವಂತದ್ದಾಗುತ್ತದೆ, ಆಗ ಮುಚ್ಚಿಡುತ್ತಾನೆ ಅಥವಾ ಹಿಂದೆ ಸರಿಯುತ್ತಾನೆ. ಅದನ್ನು ಓದಿದಾಗ ಹತ್ತು ವರ್ಷ ನನ್ನನ್ನು ನಾನು ಹೇಡಿ ಎಂದುಕೊಂಡದ್ದು ತಪ್ಪು ಎಂದು ತಿಳಿಯಿತು.

ಇನ್ನೊಂದು ವಿಷಯ, ಸಂದರ್ಶಕಿಯವರಿಗೆ. ದೈಹಿಕ ಚಿಕಿತ್ಸೆಯ ಪ್ರಶ್ನೆಗೆ ನಾನು ಆ ದಿನ ‘ಸ್ವಲ್ಪವೂ ಇಲ್ಲ’ ಎಂದು ಉತ್ತರ ಕೊಟ್ಟೆ. ನಡೆದದ್ದು ಇದು: ಹೊಟ್ಟೆಯ ಬಲಬದಿಯಲ್ಲಿ ನೋವು. ವೈದ್ಯರು ನನ್ನ ಮಾತ್ರೆಗಳ ಪಟ್ಟಿಯನ್ನು ನೋಡಿದರು, ಆಮೇಲೆ ಹೊಟ್ಟೆಯ ಬಗ್ಗೆ ಕೇಳುವುದನ್ನು ನಿಲ್ಲಿಸಿ ನಿದ್ದೆ ಹೇಗಿದೆ, ಯೋಚನೆ ಹೆಚ್ಚಾಗಿದೆಯೇ ಎಂದು ಕೇಳಿದರು. ತುಂಬ ಮೃದುವಾಗಿ ಮಾತನಾಡಿಸಿದರು. ನಾಲ್ಕು ತಿಂಗಳ ನಂತರ ಬೇರೊಬ್ಬರು ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ದೇಹದ ದೂರನ್ನು ಮನಸ್ಸಿನ ರೋಗದ ಖಾತೆಗೆ ಬರೆದುಬಿಡುವುದು ಸಂಶೋಧನೆಯಲ್ಲಿ ಚೆನ್ನಾಗಿ ದಾಖಲಾದ ಸಂಗತಿ. ತೀವ್ರ ಮಾನಸಿಕ ಕಾಯಿಲೆ ಇರುವವರ ಆಯಸ್ಸು ಉಳಿದವರಿಗಿಂತ 10ರಿಂದ 20 ವರ್ಷ ಕಡಿಮೆಯಾಗುವುದಕ್ಕೆ ಹಲವು ಕಾರಣಗಳಿವೆ, ಅದರಲ್ಲಿ ಇದೂ ಒಂದು. ಆದರೂ ನಾನು ‘ಇಲ್ಲ’ ಎಂದೆ. ವೈದ್ಯರು ನನ್ನನ್ನು ಗದರಿರಲಿಲ್ಲ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅನ್ಯಾಯ ಎಂದರೆ ಒರಟುತನ ಎಂದು ತಿಳಿದಿದ್ದೆ.

ಆದ್ದರಿಂದ ‘ಇಲ್ಲ’ ಎಂದ ಮೇಲೆ ಒಂದು ಕ್ಷಣ ಸುಮ್ಮನಿರಿ. ಪೆನ್ನನ್ನು ಮೇಜಿನ ಮೇಲೆ ಇಡಿ. “ಕೊನೆಯ ಸಲ ವೈದ್ಯರ ಹತ್ತಿರ ಹೋದಾಗ ಏನಾಯಿತು?” ಎಂದು ಕೇಳಿ. ನನ್ನನ್ನು ಕೇಳಿದಾತ ಮುಂದಿನ ಪ್ರಶ್ನೆಯ ಮೇಲೆ ಆಗಲೇ ಬೆರಳಿಟ್ಟಿದ್ದ.

ಕಿಟಕಿ ಬದಿ

ಕಳಂಕ ನಿವಾರಣೆಯ ಅಭಿಯಾನಗಳಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಮೊದಲ ಮೂರು ವರ್ಷ ಹೋದಲ್ಲೆಲ್ಲ ‘ಇದೂ ಬೇರೆ ಕಾಯಿಲೆಗಳಂತೆ ಒಂದು ಕಾಯಿಲೆ, ಮಿದುಳಿನ ರಾಸಾಯನಿಕಗಳ ಏರುಪೇರು’ ಎಂದು ಹೇಳಿದೆ. ಜನ ಒಪ್ಪುತ್ತಿದ್ದರು, ಖುಷಿಯಾಗುತ್ತಿತ್ತು. ಆಮೇಲೆ ಅಮೆರಿಕದಲ್ಲಿ 1996 ಮತ್ತು 2006ರ ಸಮೀಕ್ಷೆಗಳನ್ನು ಹೋಲಿಸಿದ ಬರ್ನಿಸ್ ಪೆಸ್ಕೊಸೊಲಿಡೊ ತಂಡದ ಲೇಖನ ಓದಿದೆ. ಹತ್ತು ವರ್ಷಗಳಲ್ಲಿ ಮಿದುಳೇ ಕಾರಣ ಎನ್ನುವವರು ಹೆಚ್ಚಾಗಿದ್ದರು, ಚಿಕಿತ್ಸೆಗೆ ಬೆಂಬಲವೂ ಹೆಚ್ಚಾಗಿತ್ತು. ಪಕ್ಕದಲ್ಲಿ ಕುಳಿತು ಕೆಲಸ ಮಾಡಲು, ನೆರೆಯವರಾಗಿ ಇರಲು ಹಿಂಜರಿಕೆ ಮಾತ್ರ ಕಡಿಮೆಯಾಗಿರಲಿಲ್ಲ. ಅಷ್ಟು ವರ್ಷ ನಾನು ಜನರ ತಿಳಿವಳಿಕೆಯನ್ನು ತಿದ್ದಿದೆ, ಅವರ ಪಕ್ಕದ ಕುರ್ಚಿ ಖಾಲಿಯಾಗಿಯೇ ಉಳಿಯಿತು.

ವಯಸ್ಕರಲ್ಲಿ ಕಳಂಕ ಕಡಿಮೆ ಮಾಡಲು ಹೆಚ್ಚು ಕೆಲಸ ಮಾಡುವುದು ಕಾಯಿಲೆ ಇರುವವರೊಂದಿಗಿನ ಮುಖಾಮುಖಿ ಸಂಪರ್ಕ. ಪ್ಯಾಟ್ರಿಕ್ ಕಾರಿಗನ್ ಮತ್ತು ಇತರರು 2012ರಲ್ಲಿ 14 ದೇಶಗಳ 72 ಅಧ್ಯಯನಗಳನ್ನು ಒಟ್ಟುಗೂಡಿಸಿ ಇದನ್ನು ಕಂಡುಕೊಂಡರು; ಹದಿಹರೆಯದವರಲ್ಲಿ ಮಾತ್ರ ಪಾಠ ಹೇಳುವುದು ಸಂಪರ್ಕಕ್ಕಿಂತ ಪರಿಣಾಮಕಾರಿಯಾಗಿತ್ತು. ಈಗ ನಿಮ್ಮ ನಕ್ಷೆಗಾರರನ್ನು ನೆನೆಯಿರಿ. ಹಿಂದೆ ಸರಿದವರನ್ನು ಯಾರೂ ಭೇಟಿಯಾಗುವುದಿಲ್ಲ. ಭೇಟಿಯಾಗದೆ ಇದ್ದುದರಿಂದ ಜನರ ಭಯ ಹೋಗುವುದಿಲ್ಲ. ಭಯ ಹೋಗದೆ ಇದ್ದುದರಿಂದ ಅವರು ಹೊರಗೆ ಬರುವುದಿಲ್ಲ. ಮೊದಲ ಹೆಜ್ಜೆಯನ್ನು ಅವರೇ ಇಡಲಿ ಎನ್ನುವುದು ನನಗೆ ಕ್ರೂರವಾಗಿ ಕಾಣುತ್ತದೆ. ಕೆಲಸ ಕೊಡುವವರು ಇಡಬೇಕು.

ಅದಕ್ಕೇ ‘ಅಂಕಿಗಣಿತ’ ಅವರಿಗೆ ನನ್ನ ವಿನಂತಿ: ಆ ಉಪಮಾಪನ ಬೇರೆಯಾಗಿರಲಿ, ಸರಿ, ಆದರೆ ದಯವಿಟ್ಟು ಬೇರೆ ಪುಟದಲ್ಲಿ ಬೇಡ. ಅಧಿಕಾರಿಗಳು ಮೊದಲ ಕೋಷ್ಟಕವನ್ನು ಮಾತ್ರ ಓದುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯ ಕುರ್ಚಿ (ಪ್ರಶ್ನೆ ಕೇಳಿದವರು)

ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ‘ಅಂಕಿಗಣಿತ’ ಅವರು ಕೇಳಿದ್ದು ಸರಿ. ಆ ನಾಲ್ಕು ಪ್ರಶ್ನೆಗಳನ್ನು ಕೇಳಿದ್ದೆ, ಅವರು ಅದೇ ಲಯದಲ್ಲಿ ‘ಇಲ್ಲ’ ಎಂದಿದ್ದರು, ನಾನೂ ಅದೇ ಲಯದಲ್ಲಿ ಬರೆದುಕೊಂಡಿದ್ದೆ. ತಪ್ಪು ನನ್ನದು. ಆ ಮಧ್ಯಾಹ್ನ ಅದು ನನ್ನ ನಾಲ್ಕನೆಯ ಸಂದರ್ಶನವಾಗಿತ್ತು, ದಣಿದಿದ್ದೆ.

ನಮ್ಮ ನಿಯಮಾವಳಿಯಲ್ಲಿ ಉತ್ತರಗಳನ್ನು ಖಚಿತಪಡಿಸಿಕೊಳ್ಳಲು ಒಮ್ಮೆ ಮರುಭೇಟಿಗೆ ಅವಕಾಶವಿದೆ. ತಂಡದ ಮುಖ್ಯಸ್ಥರ ಒಪ್ಪಿಗೆ ಪಡೆದು, ಆ ನಕ್ಷೆಗಾರರ ಒಪ್ಪಿಗೆಯನ್ನೂ ಮತ್ತೆ ಕೇಳಿ ಹೋದೆ. ಈ ಸಲ ಪೆನ್ನನ್ನು ಮೇಜಿನ ಮೇಲೆ ಇಟ್ಟೆ. ಒಂದೂವರೆ ಗಂಟೆ ಹಿಡಿಯಿತು. ಹದಿನಾಲ್ಕು ಸೊನ್ನೆಗಳು ‘ಅನ್ವಯಿಸುವುದಿಲ್ಲ’ ಆದವು. ಕುಟುಂಬದ ಪ್ರಶ್ನೆಗೆ ಅವರು ‘ಬಹಳ’ ಎಂದರು, ಉದಾಹರಣೆಯನ್ನು ಇಲ್ಲಿ ಬರೆಯಲಾರೆ. ಕೆಲಸ, ಓದು, ಆಪ್ತ ಸಂಬಂಧ, ಈ ಮೂರರಿಂದ ತನ್ನನ್ನು ತಾನೇ ತಡೆದುಕೊಂಡದ್ದಕ್ಕೂ ‘ಬಹಳ’. ಕಾಯಿಲೆಯನ್ನು ಮರೆಮಾಚಿದ್ದೀರಾ ಎಂಬ ಕೊನೆಯದಕ್ಕೆ ತುಂಬ ಹೊತ್ತು ಯೋಚಿಸಿ ‘ಸ್ವಲ್ಪ’ ಎಂದರು. ನನಗೆ ಆಶ್ಚರ್ಯವಾಯಿತು. “ಮರೆಮಾಚಲು ಎದುರಿಗೆ ಯಾರಾದರೂ ಇರಬೇಕಲ್ಲ” ಎಂದರು. ಆ ವಾಕ್ಯವನ್ನು ಅವರ ಅನುಮತಿ ಪಡೆದೇ ಇಲ್ಲಿ ಹಾಕಿದ್ದೇನೆ.

‘ನಿಧಾನ ನಡಿಗೆ’ ಅವರೇ, ನಿಮ್ಮ ಮಾತು ಓದಿದ ರಾತ್ರಿ ನಾನು ಖಾಲಿ ನಮೂನೆಯೊಂದನ್ನು ತೆಗೆದುಕೊಂಡು ನನ್ನದೇ ಉತ್ತರಗಳನ್ನು ತುಂಬಿದೆ. ಇಷ್ಟು ಸಂದರ್ಶನ ಮಾಡಿದ್ದರೂ ಅದುವರೆಗೆ ತುಂಬಿರಲಿಲ್ಲ. ಓದಿನ ಪ್ರಶ್ನೆಗೆ ಬಂದು ನಿಂತೆ. ಆರು ವರ್ಷಗಳ ಹಿಂದೆ ಪಿಎಚ್‌.ಡಿ.ಗೆ ಅರ್ಜಿ ಸಿದ್ಧವಾಗಿತ್ತು. ಆರೋಗ್ಯದ ವಿವರ ಕೇಳುವ ಒಂದು ಅಂಕಣವನ್ನು ಖಾಲಿ ಬಿಟ್ಟು, ಕೊನೆಯ ದಿನಾಂಕ ಹೋಗಲಿ ಎಂದು ಕಾದಿದ್ದೆ. ಎಲ್ಲರಿಗೂ ಸಮಯ ಸಿಗಲಿಲ್ಲ ಎಂದು ಹೇಳಿದ್ದೆ. ‘ಬಹಳ’ ಎಂದು ಗುರುತು ಹಾಕಿದೆ.

ಸೋಮವಾರ ವರದಿಯ ಸಭೆ ಇದೆ. ‘ಅನ್ವಯಿಸುವುದಿಲ್ಲ’ ಎಂದವರ ಸಂಖ್ಯೆಯನ್ನೂ ತಡೆದುಕೊಂಡವರ ಸಂಖ್ಯೆಯನ್ನೂ ಮೊದಲ ಕೋಷ್ಟಕದಲ್ಲೇ, ತಾರತಮ್ಯದ ಅಂಕದ ಪಕ್ಕದ ಕಾಲಂಗಳಲ್ಲಿ ಕೊಡಬೇಕೆಂದು ಕೇಳಲಿದ್ದೇನೆ. ಅಂಕಗಳನ್ನು ಕೂಡಿಸದೆ ಹಾಗೆ ಅಕ್ಕಪಕ್ಕ ಇಟ್ಟರೆ ಲೆಕ್ಕದ ದೃಷ್ಟಿಯಿಂದ ಯಾರಾದರೂ ಆಕ್ಷೇಪ ಎತ್ತಬಹುದೇ? ‘ಅಂಕಿಗಣಿತ’ ಅವರು ಭಾನುವಾರದೊಳಗೆ ಹೇಳಿದರೆ ಉಪಕಾರವಾಗುತ್ತದೆ.

ಅಂಕಿಗಣಿತ

ಎತ್ತುವಂತಿಲ್ಲ. ಕಾಲಂಗಳ ತಲೆಬರಹ ಸ್ಪಷ್ಟವಾಗಿರಲಿ, ಪ್ರತಿ ಸಾಲಿನಲ್ಲೂ ಛೇದವನ್ನು ತೋರಿಸಿ. ಖಾಲಿ ಕೋಷ್ಟಕವನ್ನು ಇಂದು ರಾತ್ರಿಯೇ ಇಲ್ಲಿ ಹಾಕುತ್ತೇನೆ. ‘ಕಿಟಕಿ ಬದಿ’ ಅವರು ಹೇಳಿದಂತೆ ಒಂದೇ ಪುಟಕ್ಕೆ ಹಿಡಿಸುತ್ತೇನೆ.